ಅಮ್ಮನ ಭುಜದ ಗುರುತು

ಗಂಡಸಿ

ನಮ್ಮ ಗಂಡಸಿ ಊರಿನ ಕಡೆ ನನ್ನ ವಯಸ್ಸಿನ ಹೆಂಗಸು ವಿಮಾನ ಹತ್ತುತ್ತಾಳೆಂದರೆ ಅದು ಬಾಣಂತನಕ್ಕೇ. ನನಗೆ ಪಾಸ್‌ಪೋರ್ಟು ಬಂದ ಸುದ್ದಿ ಹಬ್ಬಿದ್ದೇ ತಡ, ಎದುರುಮನೆಯ ಪುಟ್ಟಮ್ಮ ಬಾಗಿಲಿಗೆ ಬಂದು ನಿಂತಳು.

"ಯಾರಿಗಕ್ಕಾ ಬಾಣಂತನ? ನಿಂಗಿರಾದು ಒಬ್ಳೇ ತಂಗಿ. ಅವ್ಳು ಮದ್ವೇನೇ ಆಗಿಲ್ಲ."

"ಬಾಣಂತನ ಅಲ್ಲ ಕಣೇ. ಬೆನ್ನಿನ ಆಪರೇಷನ್ನು," ಎಂದೆ.

ಬೆನ್ನು ಎಂದದ್ದು ಪೂರ್ತಿ ಸುಳ್ಳೇನಲ್ಲ. ನೋವು ಇದ್ದದ್ದು ಬೆನ್ನಿನಲ್ಲೇ, ಕುತ್ತಿಗೆಯಲ್ಲೇ. ಕತ್ತರಿ ಬೀಳುವುದು ಮಾತ್ರ ಮುಂದೆ. ನನ್ನ ತಂಗಿ ಶಶಿಕಲಾ ವೇಲ್ಸ್ ದೇಶದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಎದೆಯ ಭಾರ ತಾಳಲಾರದೆ, ಅದನ್ನು ಕಡಿಮೆ ಮಾಡಿಸಿಕೊಳ್ಳುವ ಆಪರೇಷನ್ನಿಗೆ ವರ್ಷಗಳಿಂದ ಕೇಳಿಕೊಳ್ಳುತ್ತಲೇ ಇದ್ದಳು. ಅಲ್ಲಿ ಅದು ಸರ್ಕಾರದ ಖರ್ಚು. ಹಾಗಾಗಿ ಕೇಳಿದವರಿಗೆಲ್ಲ ಸಿಗುವುದಿಲ್ಲ. ಕಡೆಗೊಂದು ದಿನ ಫೋನಿನಲ್ಲಿ, "ಡೇಟ್ ಕೊಟ್ಟವ್ರೆ ಅಕ್ಕಾ. ಅದಕ್ಕೆ ಮುಂಚೆ ಡಾಕ್ಟರು ಇನ್ನೊಂದ್ಸಲ ನೋಡ್ತಾರಂತೆ. ಅವ್ರು ಹೂಂ ಅಂದ್ರೆ ಆಯ್ತು. ನೀನ್ ಬಂದ್ಬಿಡು," ಎಂದಳು.

ಇದನ್ನು ಪುಟ್ಟಮ್ಮನಿಗೆ ಹೇಗೆ ಹೇಳಲಿ? ನಮ್ಮ ಯಜಮಾನರಿಗೇ ಅರ್ಧ ಹೇಳಿ ಅರ್ಧ ನುಂಗಿದ್ದೆ. ಅವರು ಕೊಬ್ಬರಿ ವ್ಯಾಪಾರದವರು, ಮಾತು ಕಡಿಮೆ. "ಹೋಗ್ಬಾ. ಚಳಿ ಇರ್ತದಂತೆ, ಕಾಲ್ಚೀಲ ಇಟ್ಕೊ," ಎಂದರು. ಹೆಚ್ಚು ಕೇಳದ ಗಂಡನನ್ನು ಕೊಟ್ಟಿದ್ದಕ್ಕೆ ಶಿವನಿಗೆ ಒಂದು ನಮಸ್ಕಾರ.

ನಾವಿಬ್ಬರೂ ಹಳೇಬೀಡಿನಲ್ಲಿ ಹುಟ್ಟಿ ಬೆಳೆದವರು. ಅಮ್ಮನ ಮೈಕಟ್ಟೇ ನನಗೂ ಬಂತು, ಶಶಿಗೆ ಇನ್ನೂ ಒಂದು ಕೈ ಹೆಚ್ಚಾಗಿ ಬಂತು. ಬೇಲೂರಿನ ಕಾಲೇಜಿಗೆ ಅವಳು ಬಸ್ಸಿನಲ್ಲಿ ಹೋಗುತ್ತಿದ್ದಾಗ ಹಿಂದಿನ ಸೀಟಿನ ಹುಡುಗರು, "ಶಿಲಾಬಾಲಿಕೆ ಬಂದ್ಲು, ಜಾಗ ಬಿಡ್ರಲಾ," ಎನ್ನುತ್ತಿದ್ದರಂತೆ. ಪುಸ್ತಕಗಳನ್ನು ಎದೆಗೆ ಅವುಚಿಕೊಂಡು ಬೆನ್ನು ಬಗ್ಗಿಸಿ ನಿಲ್ಲುವುದನ್ನು ಅವಳು ಕಲಿತದ್ದು ಆ ಬಸ್ಸಿನಲ್ಲೇ. ಆಮೇಲೆ ಆ ಬೆನ್ನು ನೆಟ್ಟಗಾಗಲೇ ಇಲ್ಲ.

ಆಪರೇಷನ್ ಆದವಳಿಗೆ ಏನು ಮಾಡಿ ಹಾಕಬೇಕೋ ನನಗೇನು ಗೊತ್ತು? ನನಗೆ ಗೊತ್ತಿದ್ದದ್ದು ಬಾಣಂತಿ ಅಡುಗೆ ಒಂದೇ. ನಮ್ಮದೇ ತೋಟದ ಕೊಬ್ಬರಿ, ಬೆಲ್ಲ, ಒಣಖರ್ಜೂರ, ಕೈ ತುಂಬ ತುಪ್ಪ ಹಾಕಿ ಅಂಟಿನುಂಡೆ ಕಟ್ಟಿದೆ. ದೊಡ್ಡ ಸ್ಟೀಲ್ ಡಬ್ಬಿ ತುಂಬಿತು.

ವಿಮಾನ ನಿಲ್ದಾಣ

ಅರಸೀಕೆರೆಯಲ್ಲಿ ರೈಲು ಹತ್ತಿಸಿ ಯಜಮಾನರು ಹಿಂದೆ ಉಳಿದರು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಬಾಗಿಲು ದಾಟುವಾಗ ಕೀ ಎಂದಿತು. ಪರದೆಯ ಹಿಂದೆ ಕರೆದುಕೊಂಡು ಹೋದ ಪೊಲೀಸ್ ಹುಡುಗಿ, "ಆ ದಾರದಲ್ಲೇನಮ್ಮ? ತೆಗೀರಿ," ಎಂದಳು.

"ತೆಗೆಯೋ ಹಂಗಿಲ್ಲ ಕಣವ್ವ. ಲಿಂಗ."

ಅವಳು ನನ್ನ ಸೆರಗಿನ ಒಳಗೆ ಬೆಳ್ಳಿ ಕರಡಿಗೆ ನೋಡಿ, "ಓ, ನಮ್ಮಜ್ಜೀನೂ ಹಾಕೋರು," ಎಂದು ಕೈಯಲ್ಲಿದ್ದ ಯಂತ್ರವನ್ನು ಮೇಲಿಂದ ಆಡಿಸಿ ಬಿಟ್ಟಳು. ಪುಣ್ಯಾತ್ಗಿತ್ತಿ.

ಲಿಂಗದ ದಾರವನ್ನು ಕೆಲವರು ಕೊರಳಿಗೆ ಹಾಕುತ್ತಾರೆ. ನಮ್ಮ ಅಮ್ಮ ಎಡಭುಜದ ಮೇಲಿಂದ ಅಡ್ಡಲಾಗಿ ಹಾಕುತ್ತಿದ್ದಳು, ನಮ್ಮಿಬ್ಬರಿಗೂ ಹಾಗೇ ಕಲಿಸಿದಳು. ದಾರ ಕೂತ ಕಡೆ ಅಮ್ಮನ ಭುಜದಲ್ಲಿ ಬೆರಳು ಹೂತುಹೋಗುವಷ್ಟು ಗುಂಡಿ ಬಿದ್ದಿತ್ತು. "ಅದು ಲಿಂಗ ಹೊತ್ತ ಗುರುತು. ಎಲ್ಲರಿಗೂ ಬರಲ್ಲ," ಎನ್ನುತ್ತಿದ್ದರು ಅಜ್ಜಿ. ಮದುವೆಯಾಗಿ ಕೆಲವು ವರ್ಷಕ್ಕೆ ನನ್ನ ಭುಜದಲ್ಲೂ ಅದು ಕಾಣಿಸಿಕೊಂಡಾಗ, ಸ್ನಾನದ ಮನೆಯಲ್ಲಿ ಒಬ್ಬಳೇ ಕೈ ಮುಗಿದಿದ್ದೆ.

ಕುರಿಗಳ ನಾಡು

ಶಶಿಯ ಊರು ಗುಡ್ಡದ ಬುಡದಲ್ಲಿದೆ. ಜನಕ್ಕಿಂತ ಕುರಿ ಹೆಚ್ಚು. ನಮ್ಮ ಕುರುಬರ ಹಾಗೆ ಒಬ್ಬರೂ ಹಿಂದೆ ಇಲ್ಲ. ಕುರಿಗಳ ಬೆನ್ನಿಗೆ ನೀಲಿ, ಕೆಂಪು ಬಣ್ಣ ಬಳಿದು ಗುಡ್ಡಕ್ಕೆ ಬಿಟ್ಟುಬಿಟ್ಟಿದ್ದಾರೆ. ಹೋಳಿ ಆಡಿ ಬಂದ ಹಾಗೆ ಕಾಣುತ್ತವೆ. ಬೋರ್ಡುಗಳಲ್ಲೆಲ್ಲ ಅವರ ಸ್ವಂತ ಭಾಷೆ ಮೇಲೆ, ಇಂಗ್ಲಿಷು ಕೆಳಗೆ. ಓದಲು ಬಾರದಿದ್ದರೂ ನನಗೆ ಸಂತೋಷವಾಯಿತು. ಬಸ್ಸಿಂದ ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಾರೆ. ನಮ್ಮ ಹಾಸನದ ಬಸ್ಸಿನಲ್ಲಿ ಹಾಗೆ ಮಾಡಿದರೆ ಡ್ರೈವರು ಗಾಬರಿಯಾಗುತ್ತಾನೆ.

ಮನೆಗೆ ಹೋಗಿ ಮೊದಲು ಡಬ್ಬಿ ತೆಗೆದೆ. ಮುಚ್ಚಳ ಬಿಚ್ಚಿದ್ದೇ ತುಪ್ಪದ ವಾಸನೆ ಕೋಣೆಯೆಲ್ಲ ಹರಡಿತು. ಶಶಿ ಒಂದು ಉಂಡೆ ಕೈಗೆತ್ತಿಕೊಂಡಳು, ಮೂಸಿದಳು, ಅಳತೊಡಗಿದಳು.

"ಯಾಕೇ? ಅಮ್ಮ ಜ್ಞಾಪಕ ಬಂದ್ಲಾ?"

"ಅಲ್ಲ ಅಕ್ಕಾ. ಇದನ್ನ ನಾನ್ ತಿನ್ನೋ ಹಂಗಿಲ್ಲ."

ಆಗ ಹೇಳಿದಳು. ತೂಕ ಇಷ್ಟರೊಳಗಿರಬೇಕು, ಆಗಲೇ ಆಪರೇಷನ್ ಎಂದು ಷರತ್ತಿದೆಯಂತೆ. "ತೂಕ ಇಳ್ಸು ಅಂತಾರೆ. ಇಳಿಸ್ಬೇಕಂದ್ರೆ ಓಡ್ಬೇಕು. ಓಡಾಕ್ಕೆ ಇವು ಬಿಡಲ್ಲ. ಎಷ್ಟು ವರ್ಷ ಇದ್ರಲ್ಲೇ ಸುತ್ತಿದೀನಿ ಗೊತ್ತಾ ಅಕ್ಕಾ, ಗಾಣದೆತ್ತಿನ್ ಥರ." ತಿಂಗಳುಗಳಿಂದ ಸೊಪ್ಪು ಸದೆ ತಿಂದು ಗೆರೆಯ ಹತ್ತಿರಕ್ಕೆ ಬಂದು ನಿಂತಿದ್ದಳು. ನಾನು ಸಮುದ್ರದಾಚೆಯಿಂದ ಹೊತ್ತು ತಂದದ್ದು ತುಪ್ಪ, ಕೊಬ್ಬರಿ, ಬೆಲ್ಲ.

ಉಂಡೆಗಳನ್ನು ಪಕ್ಕದ ಮನೆಯ ಮುದುಕನಿಗೆ ಕೊಟ್ಟೆವು. ಕುರಿ ಸಾಕುವವನು. ಮರುದಿನ ಖಾಲಿ ಡಬ್ಬಿ ತೊಳೆದು ತಂದು, ಇನ್ನಿದೆಯಾ ಎಂದು ಕೇಳಿದ. ಯಾರಾದರೂ ತಿಂದರಲ್ಲ.

ಡಾಕ್ಟರಮ್ಮನ ಕೋಣೆ

ಡಾಕ್ಟರನ್ನು ಕಾಣುವ ದಿನ ಶಶಿ ಬೆಳಿಗ್ಗೆಯಿಂದ ನೀರು ಕೂಡ ಕುಡಿಯಲಿಲ್ಲ. ತೂಕದ ಯಂತ್ರ ಹತ್ತುವ ಮೊದಲು ಚಪ್ಪಲಿ ಬಿಟ್ಟಳು, ಕೋಟು ಬಿಚ್ಚಿದಳು, ವಾಚು ತೆಗೆದಳು. ಕೈ ಲಿಂಗದ ದಾರದವರೆಗೆ ಹೋಯಿತು. ನನ್ನ ಮುಖ ನೋಡಿ ಹಿಂದಕ್ಕೆ ಬಂತು. ನಮ್ಮ ಮಂಡಿಯಲ್ಲಿ ಕೊಬ್ಬರಿ ಚೀಲ ತೂಗುವಾಗ ಮುಳ್ಳು ಬಲಕ್ಕೆ ಹೋಗಲಿ ಎಂದು ಬೇಡುತ್ತೇವೆ. ಇಲ್ಲಿ ಹೋಗದಿರಲಪ್ಪಾ ಸಿದ್ದೇಶ್ವರ ಎಂದು ಬೇಡಿದೆ. ನರ್ಸು ಬರೆದುಕೊಂಡು ತಲೆ ಆಡಿಸಿದಳು. ಗೆರೆ ದಾಟಿರಲಿಲ್ಲ.

ಡಾಕ್ಟರಮ್ಮನಿಗೆ ಬಿಳಿ ಕೂದಲು, ಗಿಡ್ಡ ಕತ್ತರಿಸಿದ್ದು. ಕಾಲುಚೀಲದ ಮೇಲೆ ಕುರಿಗಳ ಚಿತ್ರ. ಕೂತು ಪ್ರಶ್ನೆ ಶುರುಮಾಡಿದರು. ಬೋರಲು ಮಲಗಲು ಆಗುತ್ತದೆಯೇ? ಮೆಟ್ಟಿಲು ಹತ್ತಿದರೆ ಏನಾಗುತ್ತದೆ? ಬೆರಳುಗಳು ಜೋಮು ಹಿಡಿಯುತ್ತವೆಯೇ? ಹೊರಗೆ ಹೋಗುವುದಕ್ಕೆ ಮನಸ್ಸು ಬರುತ್ತದೆಯೇ? ಶಶಿ ಒಂದೊಂದಕ್ಕೂ ಉತ್ತರ ಹೇಳಿ ನನಗೂ ಕನ್ನಡದಲ್ಲಿ ಹೇಳುತ್ತಿದ್ದಳು. ಒಬ್ಬ ಹೆಂಗಸನ್ನು ಕೂರಿಸಿಕೊಂಡು ನೀನು ಹೇಗೆ ಮಲಗುತ್ತೀಯೆ ಎಂದು ಕೇಳುವ ಸರ್ಕಾರವನ್ನು ನಾನು ಕಂಡದ್ದು ಅದೇ ಮೊದಲು. ಅವಳ ಪ್ರತಿ ಉತ್ತರದ ಹಿಂದೆ ನಾನೂ ಮನಸ್ಸಿನಲ್ಲೇ ನನ್ನ ಉತ್ತರ ಹೇಳಿಕೊಳ್ಳುತ್ತಿದ್ದೆ. ಇಲ್ಲ. ಏದುಸಿರು. ಹೂಂ, ಎಡಗೈ. ಮನಸ್ಸೇನೋ ಬರುತ್ತದೆ, ಮೈ ಬರುವುದಿಲ್ಲ.

ಆಮೇಲೆ ಶಶಿ ಅಂಗಿ ಸರಿಸಿ ಭುಜ ತೋರಿಸಿದಳು. ಎಡಭುಜದಲ್ಲಿ ಅದೇ ಗುಂಡಿ. ಡಾಕ್ಟರಮ್ಮ ಅದರಲ್ಲಿ ಹೆಬ್ಬೆರಳಿಟ್ಟು ನೋಡುತ್ತಿದ್ದಾಗ ನನಗೆ ಸುಮ್ಮನಿರಲಾಗಲಿಲ್ಲ.

"ಅದು ಲಿಂಗದ ಗುರುತು ಅಂತ ಹೇಳೇ ಅವ್ರಿಗೆ. ಅಮ್ಮನಿಗೂ ಇತ್ತು, ನಂಗೂ ಐತೆ."

ಶಶಿ ತಕ್ಷಣ ಹೇಳಲಿಲ್ಲ. ನಾನು ಮತ್ತೆ ಹೇಳಿದ ಮೇಲೆ ಹೇಳಿದಳು. ಡಾಕ್ಟರಮ್ಮ ದಾರವನ್ನು ಮುಟ್ಟದೆ, ಬಗ್ಗಿ ನೋಡಿದರು. ನಗಲಿಲ್ಲ. ದಾರ ಯಾವಾಗಲೂ ಈ ಭುಜದ ಮೇಲೇ ಇರುತ್ತದೆಯೇ ಎಂದು ಕೇಳಿದರು. ಹೌದು ಎಂದೆವು. ಅವರು ಶಶಿಯ ಅಂಗಿಯನ್ನು ಬಲಗಡೆಯೂ ಸರಿಸಿ, ಅಲ್ಲಿದ್ದ ಗುಂಡಿಯಲ್ಲಿ ಇನ್ನೊಂದು ಹೆಬ್ಬೆರಳಿಟ್ಟರು.

ಎರಡೂ ಒಂದೇ ಆಳ ಇದ್ದವು.

ಅಮ್ಮನ ಕೊನೆಯ ವರ್ಷಗಳಲ್ಲಿ ಅವಳ ಬೆನ್ನಿಗೆ ಹರಳೆಣ್ಣೆ ತಿಕ್ಕಿದವಳು ನಾನೇ. ಎರಡು ಭುಜಕ್ಕೂ ತಿಕ್ಕಿದ್ದೇನೆ. ಎಣ್ಣೆ ಎರಡು ಗುಂಡಿಯಲ್ಲೂ ನಿಲ್ಲುತ್ತಿತ್ತು, ಅದನ್ನು ಬೆರಳಿಂದ ಹರಡಿದ್ದೇನೆ. ದಪ್ಪ ಕೋರಾ ಬಟ್ಟೆಯಲ್ಲಿ ಅಮ್ಮ ತಾನೇ ಹೊಲಿದುಕೊಳ್ಳುತ್ತಿದ್ದ ಬಾಡಿಯ ಪಟ್ಟಿಗಳು ಎದೆಯ ಭಾರವನ್ನೆಲ್ಲ ಎಳೆದು ಹಿಡಿದು ಅಲ್ಲೇ ಕೂರುತ್ತಿದ್ದವು. ಕೈಗೆ ತಿಳಿದದ್ದು ತಲೆಗೆ ತಿಳಿಯಲಿಲ್ಲ. ಭಕ್ತಿ ಅಡ್ಡ ಬಂತು ಎನ್ನಲೇ? ಅದು ತಪ್ಪು ಮಾತು. ಲಿಂಗ ಎಷ್ಟು ಹಗುರ ಎಂದು ಹೊತ್ತವರಿಗೆ ಗೊತ್ತು.

"ನಿಂಗೆ ಗೊತ್ತಿತ್ತಾ?" ಎಂದು ಶಶಿಯನ್ನು ಕೇಳಿದೆ.

"ನರ್ಸಿಂಗ್ ಓದೋವಾಗ್ಲೇ ಗೊತ್ತಾಯ್ತು. ಅಮ್ಮಂಗೆ ಅದೊಂದೇ ಹೆಮ್ಮೆ ಇದ್ದಿದ್ದು ಅಕ್ಕಾ. ಅದನ್ನೂ ಕಿತ್ಕೊಳ್ಲಾ?"

ನಾನು ಶಶಿಯ ಬಾಯಿಂದ ಡಾಕ್ಟರಮ್ಮನಿಗೆ ಒಂದು ಪ್ರಶ್ನೆ ಕೇಳಿಸಿದೆ. ಮೈ ನೋವಿಗೆ ಸರ್ಕಾರ ಯಾಕಮ್ಮ ಇಷ್ಟೊಂದು ಖರ್ಚು ಮಾಡಬೇಕು, ಸಾಯುವ ಕಾಯಿಲೆಯೇನಲ್ಲವಲ್ಲ? ಅವರು ಕುರ್ಚಿಗೆ ಒರಗಿ ನಕ್ಕರು. ದುಡ್ಡು ಕೊಡುವ ಮೇಲಿನವರ ಜೊತೆ ಕೂತಾಗಲೆಲ್ಲ ಇದೇ ಪ್ರಶ್ನೆ ಎದುರಾಗುತ್ತದಂತೆ. ಅವರು ಹೇಳಿದ್ದನ್ನು ಶಶಿ ಹೀಗೆ ಹೇಳಿದಳು.

"ನಂಗೆ ಕೊಟ್ಟಿರೋ ಮಾತ್ರೆ ಒಂದ್ ಕಡೆ ಖರ್ಚಾಗಿ ಬರ್ಕೊಂಡಿದೆ. ಕತ್ತಿಗೆ ಮಾಡ್ಸಿದ ವ್ಯಾಯಾಮ ಇನ್ನೊಂದ್ ಕಡೆ. ನಾನ್ ರಜಾ ಹಾಕ್ದಾಗ ಬದಲಿಗೆ ಕರ್ಸಿದ ನರ್ಸು ಮತ್ತೊಂದ್ ಕಡೆ. ಯಾವುದೂ ದೊಡ್ದಾಗಿ ಕಾಣಲ್ಲ. ಆಪರೇಷನ್ ಒಂದೇ ಸಲ ಬರ್ತದೆ, ಅದಕ್ಕೇ ದೊಡ್ದಾಗ್ ಕಾಣ್ತದೆ. ಎಲ್ಲಾನೂ ಒಟ್ಟಿಗೆ ಇಟ್ ನೋಡಿದ್ರೆ ಮಾಡಿಸೋದೇ ಉಳಿತಾಯ ಅಂತಾರೆ."

ನನಗೆ ಅರ್ಥವಾಯಿತು. ನಮ್ಮ ತೋಟದ ಮೋಟಾರು ಸುಟ್ಟಾಗಲೆಲ್ಲ ರೀವೈಂಡಿಂಗ್ ಮಾಡಿಸಿ ಮಾಡಿಸಿ, ಹೊಸದಕ್ಕೆ ದುಡ್ಡಿಲ್ಲ ಎನ್ನುತ್ತಿದ್ದರು ನಮ್ಮ ಮಾವ.

"ಹಂಗಂತ ಕ್ಯಾನ್ಸರಿನವರನ್ನ ಹಿಂದಕ್ಕೆ ನಿಲ್ಲಿಸಿ ನನ್ನ ಮುಂದಕ್ಕೆ ಕರಿ ಅಂತ ಅವ್ರೂ ಹೇಳಲ್ವಂತೆ. ಮಂಚ ಇರೋದು ಇಷ್ಟೇ. ಅದಕ್ಕೇ ಕಾಯಿಸ್ಬೇಕಾಗ್ತದೆ. ಕಾಯಿಸೋದಕ್ಕೂ ಒಂದು ಬೆಲೆ ಇದೆ, ಅದನ್ನ ಹೆಂಗಸರೇ ಕಟ್ತಾರೆ ಅಂತಾರೆ."

ಅಮ್ಮನದು ಯಾವ ಲೆಕ್ಕದಲ್ಲಿತ್ತು? ಸೂಜಿ ಮದ್ದು, ಮಂತ್ರಿಸಿದ ದಾರ, ಹರಳೆಣ್ಣೆ, ಬಿಸಿನೀರಿನ ಸೌದೆ. ಕೂರಲಾಗದೆ ಪ್ರವಚನಕ್ಕೆ ಹೋಗುವುದು ಬಿಟ್ಟದ್ದು. ನಡೆಯಲಾಗದೆ ಕೆರೆ ಏರಿಯ ಮೇಲೆ ಸಂಜೆ ಹೋಗುವುದು ಬಿಟ್ಟದ್ದು. ಒಂದೊಂದೂ ಸಣ್ಣದೇ. ಒಟ್ಟಿಗೆ ಇಟ್ಟು ನೋಡುವವರು ಇರಲಿಲ್ಲ.

ಎದ್ದು ಬರುವಾಗ ಡಾಕ್ಟರಮ್ಮ ಶಶಿಗೆ ಹೂಂ ಎಂದರು. ಆಮೇಲೆ ನನ್ನನ್ನು ನೋಡಿ ಏನೋ ಉದ್ದಕ್ಕೆ ಹೇಳಿದರು.

"ನಿಮ್ಮಕ್ಕ ಕೂತಿರೋ ರೀತೀಲೇ ಗೊತ್ತಾಗ್ತದೆ ಅಂತಾರೆ. ಊರಿಗೆ ಹೋಗಿ ಡಾಕ್ಟರ ಹತ್ರ ಕೇಳಿ ಅಂತಾರೆ."

"ನಂದೆಲ್ಲ ಮುಗೀತು ಅಂತ ಹೇಳೇ," ಎಂದು ನಕ್ಕೆ. ಶಶಿ ಅದನ್ನು ಅವರಿಗೆ ಹೇಳಲಿಲ್ಲ.

ಎಡ ಅಂಗೈ

ಆಪರೇಷನ್ನಿಗೆ ಹೋಗುವಾಗ ಮೈಮೇಲೆ ಏನೂ ಇರಬಾರದು ಎಂದರು. ಲಿಂಗ ಮೈಯಿಂದ ಬೇರೆಯಾಗಬಾರದು ಎಂದು ಬೆಳೆದವರು ನಾವು. ಶಶಿ ಮುಂಚೆಯೇ ನಮ್ಮ ಕಡೆಯ ಮಠಕ್ಕೆ ಫೋನು ಮಾಡಿ ಕೇಳಿದ್ದಳಂತೆ. "ಅಕ್ಕನ ಅಂಗೈಯಲ್ಲಿರಲಿ ತಾಯಿ, ನೆಲಕ್ಕಿಡಬೇಡಿ," ಎಂದು ಸ್ವಾಮಿಗಳು ಅಪ್ಪಣೆ ಕೊಟ್ಟಿದ್ದರು. ಕರಡಿಗೆ ತೆಗೆಯುವ ಮುಂಚೆ ಅಲ್ಲಿನ ನರ್ಸು, ನಾನು ಕೈ ತೊಳೆದು ಮುಟ್ಟಲೇ ಅಥವಾ ನೀವೇ ತೆಗೆಯುತ್ತೀರಾ ಎಂದು ಕೇಳಿದಳು. ನಮ್ಮ ದೇವರನ್ನು ಹೆಸರಿನಿಂದ ಅರಿಯದವಳು. ಮನೆಯವರಂತೆ ಕೇಳಿದಳು.

ಬೆಳಿಗ್ಗೆಯಿಂದ ಎಡ ಅಂಗೈಯಲ್ಲಿ ತಂಗಿಯ ಲಿಂಗ ಹಿಡಿದು ಕೂತೆ. ಒಂದೇ ಕೈಯಲ್ಲಿ ಟೀ ಲೋಟದ ಮುಚ್ಚಳ ತೆಗೆಯಲು ಹೋಗಿ ಸೀರೆಯ ಮೇಲೆ ಚೆಲ್ಲಿಕೊಂಡೆ. ಪಕ್ಕದಲ್ಲಿದ್ದ ಹೆಂಗಸು ಸಾರಿ ಎಂದಳು. ಚೆಲ್ಲಿದ್ದು ನಾನು, ಸಾರಿ ಹೇಳಿದ್ದು ಅವಳು. ಅಲ್ಲಿಯ ಜನ ಹಾಗೆಯೇ. ಆಮೇಲೆ ನನ್ನ ಮುಚ್ಚಿದ ಕೈ ನೋಡಿ, ಏನೂ ಕೇಳದೆ, ಬಿಸ್ಕತ್ತಿನ ಪೊಟ್ಟಣ ಒಡೆದು ಒಂದೊಂದಾಗಿ ನನ್ನ ಬಲಗೈಗೆ ಕೊಡುತ್ತಾ ಹೋದಳು. ತನ್ನ ಗಂಡ ಒಳಗಿದ್ದಾನೆಂದು ಕೈಸನ್ನೆಯಲ್ಲೇ ತಿಳಿಸಿದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದ ನಾವಿಬ್ಬರೂ ಒಬ್ಬರಿಗೊಬ್ಬರು ಜೊತೆಯಾಗಿ ಕಾದೆವು.

ಎಚ್ಚರವಾದ ಮೇಲೆ ಶಶಿ ಮೊದಲು ಕೈ ಚಾಚಿದ್ದು ಲಿಂಗಕ್ಕೆ. ಕೊಟ್ಟೆ. ಕಣ್ಣಿಗೊತ್ತಿಕೊಂಡು ಹೇಳಿದಳು, "ಅಕ್ಕಾ, ಉಸಿರು ಪೂರ್ತಿ ಒಳಗ್ ಹೋಗ್ತಿದೆ ಕಣೇ."

ಕೆಲವು ದಿನ ಕಳೆದು ಗಾಯದ ಪಟ್ಟಿ ಬದಲಿಸುವಾಗ ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದರು. ಬೆನ್ನು ಸುಧಾರಿಸುತ್ತದೆ. ಭುಜದ ಗುಂಡಿ ಪೂರ್ತಿ ತುಂಬಲಿಕ್ಕಿಲ್ಲ. ಬೆರಳುಗಳ ಜೋಮು ಬಹಳ ವರ್ಷದ್ದು, ಹೋಗುತ್ತದೆ ಎಂದು ಮಾತು ಕೊಡಲಾರೆ. ಸೂಜಿ ಹಿಡಿಯಬೇಕಾದ ಬೆರಳುಗಳು ಅವು. ಶಶಿ ಅವನ್ನು ಮಡಚಿ ಬಿಡಿಸಿ ನೋಡಿಕೊಂಡಳು. "ಇನ್ನೊಂದೈದ್ ವರ್ಷ ಮುಂಚೆ ಹೂಂ ಅಂದಿದ್ರೆ," ಎಂದಳು.

ಬೇಲೂರು, ಹಳೇಬೀಡು

ಹಿಂದಿರುಗಿದ ಮೇಲೆ ಹರಕೆ ಎಂದು ಬೇಲೂರಿಗೆ ಹೋಗಿ ಹಳೇಬೀಡಿಗೆ ಬಂದೆ. ಬೇಲೂರಿನ ಗುಡಿಯಲ್ಲಿ ಗೈಡು ಟಾರ್ಚು ಬಿಟ್ಟು ಶಿಲಾಬಾಲಿಕೆಯರನ್ನು ತೋರಿಸುತ್ತಿದ್ದ. ಬಳೆ ತಿರುಗುತ್ತದೆ ನೋಡಿ, ಕೂದಲ ಎಳೆ ನೋಡಿ, ಎಂದ. ಎಷ್ಟೋ ಸಲ ನೋಡಿದ ಗುಡಿ. ಈ ಸಲ ನಾನು ಭುಜಗಳನ್ನಷ್ಟೇ ನೋಡಿದೆ. ಅಷ್ಟು ಭಾರ ಹೊತ್ತೂ ಬೆನ್ನು ಬಳುಕಿಸಿ ನಗುತ್ತಾ ನಿಂತಿದ್ದಾರೆ. ಒಡವೆಯ ಸಂದುಸಂದನ್ನೂ ಬಿಡದ ಶಿಲ್ಪಿಗೆ ಆ ಗುಂಡಿ ಮಾತ್ರ ಕಾಣಲಿಲ್ಲ. ಅವನನ್ನು ಏನು ಅನ್ನುವುದು? ಎಣ್ಣೆ ಹಚ್ಚಿದ ನನಗೇ ಕಾಣಲಿಲ್ಲ.

ಹಳೇಬೀಡಿನಲ್ಲಿ ಕೆರೆ ಏರಿಯ ಮೇಲೆ ಸಂಜೆಯವರೆಗೆ ಕೂತಿದ್ದೆ. ಅಮ್ಮ ನಡೆಯಲಾಗದೆ ನಿಂತುಬಿಡುತ್ತಿದ್ದ ಜಾಗದಿಂದ ಸ್ವಲ್ಪ ಮುಂದಕ್ಕೆ ನಡೆದು ನೋಡಿದೆ. ನೀರು ತುಂಬಿತ್ತು. ಅವಳಿಗೆ ತೋರಿಸಬೇಕಿತ್ತು.

ಅರಸೀಕೆರೆ, ಮತ್ತೆ ಗಂಡಸಿ

ಒಂದು ಸೋಮವಾರ ಧೈರ್ಯ ಮಾಡಿ ಅರಸೀಕೆರೆಯ ಸರ್ಕಾರಿ ಆಸ್ಪತ್ರೆಗೆ ಹೋದೆ. ಬಸ್ಸಿನಲ್ಲಿ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಪಾಠ ಮಾಡಿಕೊಂಡಿದ್ದೆ. ಎದೆ ಭಾರಮ್ಮ, ಅದರಿಂದ ಭುಜ, ಕುತ್ತಿಗೆ, ಕೈ. ಇದಕ್ಕೆ ನಮ್ಮ ಕಡೆ ಏನಾದರೂ ಉಂಟೆ? ಇಷ್ಟೇ.

ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ, ಒಳ್ಳೆಯವಳು. "ಏನಾಗ್ತಿದೆ ಅಮ್ಮ?" ಎಂದಳು. ನನ್ನ ಹಿಂದೆ ಸಾಲು ಬಾಗಿಲವರೆಗೂ ಇತ್ತು. ಮೊದಲನೆಯವನು ನಮ್ಮೂರಿನವನೇ.

"ಭುಜ ನೋವು ಕಣವ್ವ," ಎಂದೆ.

ಒತ್ತಿ ನೋಡಿದಳು. ಮುಲಾಮು ಬರೆದಳು. "ಇನ್ನೇನಾದ್ರೂ ಇದೆಯಾ ಅಮ್ಮ?" ಎಂದು ಪೆನ್ನು ಎತ್ತಿಕೊಂಡೇ ಕೇಳಿದಳು. ನಿಜವಾಗಿ ಕೇಳಿದಳು.

"ಏನಿಲ್ಲ," ಎಂದೆ.

ಹೊರಗೆ ಬಂದು ಬೇವಿನ ಮರದ ಕೆಳಗೆ ಮುಲಾಮು ಹಿಡಿದು ಬಹಳ ಹೊತ್ತು ನಿಂತಿದ್ದೆ. ಅಷ್ಟು ದೂರದ ದೇಶದಲ್ಲಿ ತಂಗಿ ಎರಡು ಭಾಷೆಯಲ್ಲಿ ಹೇಳಿದ್ದನ್ನು ನನಗೆ ಒಂದರಲ್ಲೂ ಹೇಳಲಾಗಲಿಲ್ಲ.

ಮನೆಗೆ ಬಂದಾಗ ಯಜಮಾನರು ಜಗಲಿಯ ಮೇಲಿದ್ದರು. ಮುಲಾಮು ನೋಡಿ, "ಕೊಡು ಇಲ್ಲಿ, ಕೈ ಹಿಂದಕ್ಕೆ ಎಟುಕಲ್ಲ ನಿಂಗೆ," ಎಂದು ಒಳಗೆ ಬಂದರು. ಸೆರಗು ಸರಿಸಿ ಕೂತೆ. ಎಡಭುಜಕ್ಕೆ ಹಚ್ಚುತ್ತಾ, "ದಾರ ಚೆನ್ನಾಗೇ ಕೊರ್ದೈತೆ," ಎಂದರು. ಬಲಗಡೆಗೆ ಬಂದರು. ಒರಟು ಹೆಬ್ಬೆರಳು ಸ್ವಲ್ಪ ದೂರ ಉಜ್ಜಿತು, ಒಳಕ್ಕೆ ಇಳಿಯಿತು, ಅಲ್ಲೇ ನಿಂತಿತು.

ಎಡಗಡೆಯನ್ನು ಇನ್ನೊಮ್ಮೆ ಮುಟ್ಟಿ ನೋಡಿದರು. ಮತ್ತೆ ಬಲಗಡೆ.

"ಎರಡೂ ಕಡೆ ಐತಲ್ಲೇ," ಎಂದರು.

"ಹೂಂ, ಐತೆ ಕಣ್ರೀ," ಎಂದೆ. ಅಮ್ಮನಿಗೆ ಆ ಒಂದು ಮಾತನ್ನೂ ಯಾರೂ ಹೇಳಿರಲಿಲ್ಲ. ಅವರು ಕೈ ಒರೆಸಿಕೊಂಡು ಎದ್ದು ಹೋಗಲಿಲ್ಲ. ನಾನು ಗೋಡೆಯ ಕಡೆ ಮುಖ ಮಾಡಿಕೊಂಡೇ, ನುಂಗಿದ್ದ ಅರ್ಧವನ್ನು ಹೇಳಲು ಶುರುಮಾಡಿದೆ.